ಕಾಗದ ಮಡಿಸಿ ಕೋನವನ್ನು ಮೂರು ಸಮಭಾಗ ಮಾಡಬಹುದೇ?

ಪ್ರಶ್ನೆ: ನಾನು ಹೊಸದುರ್ಗ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಒಂಬತ್ತನೇ ತರಗತಿಯ ಹಲವು ಮಕ್ಕಳ ಬಳಿ ಕೈವಾರವಿಲ್ಲ. ಇದ್ದವರ ಕೈವಾರದ ತಿರುಪು ಸಡಿಲವಾಗಿ ಅಳತೆ ನಿಲ್ಲುವುದಿಲ್ಲ. ಹೀಗಾಗಿ ಲಂಬಾರ್ಧಕ, ಕೋನಾರ್ಧಕಗಳನ್ನು ಕಾಗದ ಮಡಿಸಿ ತೋರಿಸಿದೆ. ಸಹೋದ್ಯೋಗಿಯೊಬ್ಬರು ‘ಇದು ಕರಕುಶಲ, ಗಣಿತವಲ್ಲ’ ಎಂದರು. ಅದೇ ವಾರ ಒಬ್ಬ ವಿದ್ಯಾರ್ಥಿನಿ ಕೋನವನ್ನು ಮೂರು ಸಮಭಾಗ ಮಾಡುವುದು ಹೇಗೆಂದು ಕೇಳಿದಳು. ಅದು ಅಸಾಧ್ಯವೆಂದು ಸಾಬೀತಾಗಿದೆ ಎಂದು ಹೇಳಿ ಕೂರಿಸಿದೆ. ಕಾಗದ ಮಡಿಸಿ ಹಾಗೆ ಮಾಡುವ ವಿಡಿಯೋ ನೋಡಿದೆನೆಂದು ಮರುದಿನ ಅವಳು ಬಂದು ಹೇಳಿದಳು. ನಮ್ಮಿಬ್ಬರಲ್ಲಿ ಯಾರು ಸರಿ? ಮಡಿಕೆಯನ್ನು ನಂಬಿ ರೇಖಾಗಣಿತದಲ್ಲಿ ಎಷ್ಟು ದೂರ ಹೋಗಬಹುದು?

ಉತ್ತರ: ನೀವೂ ಸರಿ, ಆ ಹುಡುಗಿಯೂ ಸರಿ. ಗುರುತುಗಳಿಲ್ಲದ ಅಳತೆಪಟ್ಟಿ ಮತ್ತು ಕೈವಾರ ಇವೆರಡನ್ನೇ ಹಿಡಿದು ಎಲ್ಲ ಕೋನಗಳನ್ನೂ ಮೂರು ಸಮಭಾಗ ಮಾಡುವ ವಿಧಾನ ಇರಲಾರದು ಎಂದು ಫ್ರಾನ್ಸಿನ ಪಿಯರ್ ವಾಂಟ್ಸೆಲ್ 1837ರಲ್ಲಿ ಸಾಧಿಸಿದರು. 90 ಡಿಗ್ರಿಯಂಥ ಕೆಲವು ಕೋನಗಳು ಮೂರಾಗುತ್ತವೆ. 60 ಡಿಗ್ರಿ ಆಗುವುದಿಲ್ಲ. ಅಂದರೆ ಆ ಎರಡು ಉಪಕರಣಗಳಿಂದ 20 ಡಿಗ್ರಿಯ ಕೋನವನ್ನು ನಿಖರವಾಗಿ ರಚಿಸಲು ಬರುವುದಿಲ್ಲ. ವಾಂಟ್ಸೆಲ್ ಹೇಳಿದ್ದು ಆ ಉಪಕರಣಗಳ ಬಗ್ಗೆ ಮಾತ್ರ. ಕಾಗದ ಬೇರೆಯೇ ಉಪಕರಣ, ಅದರ ಶಕ್ತಿಯೂ ಬೇರೆ. ಆದ್ದರಿಂದ ಆ ಹುಡುಗಿಯನ್ನು ಕರೆದು, ನೋಡಿದ್ದನ್ನು ಇಡೀ ತರಗತಿಯ ಮುಂದೆ ಮಾಡಿ ತೋರಿಸು ಎನ್ನಿ. ಅವಳು ಮಡಿಸಿದ ಮೇಲೆ ‘ಇದು ಯಾಕೆ ಸರಿ?’ ಎಂದು ಕೇಳಿ. ವಿಡಿಯೋಗಳು ಸಾಮಾನ್ಯವಾಗಿ ಈ ಪ್ರಶ್ನೆಗೆ ಬರುವ ಮೊದಲೇ ಮುಗಿಯುತ್ತವೆ. ನಿಮ್ಮ ಕೆಲಸ ಅಲ್ಲಿಂದ ಶುರುವಾಗುತ್ತದೆ.

ಮೊದಲು ನಿಮ್ಮ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ಮಡಿಕೆ ಎಂದರೆ ಪ್ರತಿಫಲನ. ಕಾಗದದ ಮೇಲಿನ ಒಂದು ಬಿಂದುವನ್ನು ಎತ್ತಿ ಇನ್ನೊಂದರ ಮೇಲೆ ಕೂರಿಸಿ ಒತ್ತಿದರೆ, ಮೂಡುವ ಗೆರೆ ಆ ಎರಡು ಬಿಂದುಗಳ ಲಂಬಾರ್ಧಕ. ಕಾರಣ ಸರಳ: ಗೆರೆಯ ಮೇಲಿನ ಯಾವ ಬಿಂದುವನ್ನು ಆರಿಸಿದರೂ, ಅಲ್ಲಿಂದ ಎರಡೂ ಬಿಂದುಗಳಿಗಿರುವ ದೂರಗಳು ಮಡಿಸಿದಾಗ ಒಂದರ ಮೇಲೊಂದು ಕೂರುತ್ತವೆ. ಒಂದು ರೇಖೆಯನ್ನು ಇನ್ನೊಂದರ ಮೇಲೆ ಕೂರಿಸಿದರೆ ಕೋನಾರ್ಧಕ ಸಿಗುತ್ತದೆ. ಒಂದು ರೇಖೆಯನ್ನು ಅದರ ಮೇಲೇ ತಿರುಗಿಸಿ ಕೂರಿಸಿದರೆ ಲಂಬ ಸಿಗುತ್ತದೆ. ಆ ಲಂಬಕ್ಕೆ ಮತ್ತೊಂದು ಲಂಬ ಮಡಿಸಿದರೆ ಸಮಾಂತರ ರೇಖೆ. ಕೈವಾರದಲ್ಲಿ ಲಂಬಾರ್ಧಕ ರಚಿಸುವ ಮಗು ಕಂಸಗಳನ್ನು ಎಳೆಯುತ್ತದೆ, ಅವು ಛೇದಿಸಿದಲ್ಲಿ ಗೆರೆ ಹಾಕುತ್ತದೆ. ಅದು ಏಕೆ ಸರಿ ಎಂಬುದು ಬೇರೆ ಪುಟದ ಪ್ರಮೇಯದಲ್ಲಿ ಇರುತ್ತದೆ. ಮಡಿಕೆಯಲ್ಲಿ ರಚನೆ ಮತ್ತು ಕಾರಣ ಎರಡೂ ಒಂದೇ ಕ್ರಿಯೆಯಲ್ಲಿ ಇವೆ. ಹಾಗಾಗಿ ಇದು ಗಣಿತವೇ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಒಂದು ಎಚ್ಚರಿಕೆ ಬೇಕು. ಕಣ್ಣಿಗೆ ಸರಿಯಾಗಿ ಕಂಡದ್ದನ್ನೇ ಮಕ್ಕಳು ಸಾಧನೆ ಎಂದುಕೊಳ್ಳುತ್ತಾರೆ. ದಾವಣಗೆರೆಯಲ್ಲಿ ಶಿಕ್ಷಕರ ಜೊತೆ ಕುಳಿತು ಮಡಿಸುವಾಗಲೆಲ್ಲ ನಾನು ಹಿಡಿಯುವ ಕಟ್ಟುನಿಟ್ಟು ಒಂದೇ: ಪ್ರತಿ ಮಡಿಕೆಯ ನಂತರ ‘ಯಾವುದು ಯಾವುದರ ಮೇಲೆ ಕುಳಿತಿತು?’ ಎಂದು ಬಾಯಿಬಿಟ್ಟು ಹೇಳಬೇಕು. ಆ ಉತ್ತರವೇ ಸಾಧನೆಯ ಮೊದಲ ಸಾಲು. ಹೇಳಲಾಗದಿದ್ದರೆ ಮಡಿಕೆಯನ್ನು ಅಂದಾಜಿನಲ್ಲಿ ಹಾಕಿದ್ದಾರೆ ಎಂದು ಅರ್ಥ.

ಈ ದಾರಿ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಕಾಗದ ಮಡಿಸಿ ರೇಖಾಗಣಿತ ಕಲಿಸುವ ಪುಸ್ತಕವನ್ನು ಟಿ. ಸುಂದರ ರಾವ್ 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಶಿಶುವಿಹಾರದ ಮಕ್ಕಳಿಗೆ ಕೊಡುತ್ತಿದ್ದ ಬಣ್ಣದ ಚೌಕ ಕಾಗದಗಳ ಕಟ್ಟೊಂದು ಅವರಿಗೆ ಇದರ ಯೋಚನೆ ಕೊಟ್ಟಿತು. ಜರ್ಮನಿಯ ಮಹಾನ್ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಆ ಪುಸ್ತಕವನ್ನು ಮೆಚ್ಚಿ ಉಲ್ಲೇಖಿಸಿದರು; 1901ರಲ್ಲಿ ಅದು ಶಿಕಾಗೋದಲ್ಲಿ ಮರುಮುದ್ರಣವಾಯಿತು. ದಕ್ಷಿಣ ಭಾರತದ ಒಬ್ಬರು ಚೌಕ ಕಾಗದದಿಂದ ಬಹುಭುಜಗಳು, ಶ್ರೇಢಿಗಳು, ಶಂಕುಜಗಳವರೆಗೆ (ಶಂಕುವನ್ನು ಕತ್ತರಿಸಿದಾಗ ಕಾಣುವ ವಕ್ರರೇಖೆಗಳು) ನಡೆದ ದಾರಿ ಅದು. ಇದನ್ನು ನಿಮ್ಮ ಸಹೋದ್ಯೋಗಿಗೆ ತಪ್ಪದೇ ಹೇಳಿ. ಆದರೆ ಕೋನದ ತ್ರಿಭಾಗಕ್ಕೆ ಸುಂದರ ರಾವ್ ಕೊಟ್ಟದ್ದು ಅಂದಾಜಿನ ವಿಧಾನ. ಘನಮೂಲ ಮಡಿಕೆಗೆ ಸಿಗುವುದಿಲ್ಲ ಎಂಬ ಸೂಚನೆಯೂ ಅವರ ಬರಹದಲ್ಲಿದೆ. ಆ ಎರಡೂ ಬಾಗಿಲು ಆಮೇಲೆ ತೆರೆದವು.

ಕಾಗದದ ಬಗ್ಗೆ ಎರಡು ಮಾತು. ಸುದ್ದಿಪತ್ರಿಕೆ ಮಂಡಕ್ಕಿ ಕಟ್ಟಲು ಸರಿ, ಗೆರೆ ಹಿಡಿದಿಡಲು ಸರಿಯಲ್ಲ. ಹೊಳೆಯುವ ಕ್ಯಾಲೆಂಡರ್ ಹಾಳೆ ದಪ್ಪವಿದ್ದು ಮಡಿಸಿದಲ್ಲಿ ಬಿರುಕು ಬಿಡುತ್ತದೆ. ಜೆರಾಕ್ಸ್ ಅಂಗಡಿಯ ಸಾಮಾನ್ಯ ಎ4 ಹಾಳೆಯೇ ಉತ್ತಮ. ಬಿಂದುವಿನ ಮೇಲೆ ಬಿಂದು ಕೂರಿಸುವುದು ಕಾಣಬೇಕಾದಾಗ ಟ್ರೇಸಿಂಗ್ ಹಾಳೆ ಇನ್ನೂ ಉತ್ತಮ. ಉಗುರಿನಿಂದ ಒತ್ತುವ ಬದಲು ಅಳತೆಪಟ್ಟಿಯ ಅಂಚಿನಿಂದ ತೀಡಿದರೆ ಗೆರೆ ಚೂಪಾಗುತ್ತದೆ.

ಎ4 ಹಾಳೆಯಲ್ಲೇ ಒಂದು ಪಾಠ ಅಡಗಿದೆ. ಅದರ ಅಳತೆ 210 ಮತ್ತು 297 ಮಿಲಿಮೀಟರ್. ಗಿಡ್ಡ ಅಂಚನ್ನು ಉದ್ದ ಅಂಚಿನ ಮೇಲೆ ಕೂರಿಸಿ ಮಡಿಸಿ. ಈಗ ಆ ಮಡಿಕೆಯನ್ನೇ ಎತ್ತಿ ಅದೇ ಉದ್ದ ಅಂಚಿನ ಮೇಲೆ ಕೂರಿಸಿ. ಮಡಿಕೆಯ ತುದಿ ಹಾಳೆಯ ಮೂಲೆಗೆ ಸರಿಯಾಗಿ ಬಂದು ನಿಲ್ಲುತ್ತದೆ. ಮಡಿಕೆ 210ರ ಚೌಕದ ಕರ್ಣ. ಹಾಳೆಯ ಉದ್ದವೂ ಅಷ್ಟೇ ಆದ್ದರಿಂದ ಹಾಳೆಯ ಉದ್ದ ಅಗಲಗಳ ಅನುಪಾತ ಎರಡರ ವರ್ಗಮೂಲ. ಅಭಾಗಲಬ್ಧ ಸಂಖ್ಯೆಯ ಪಾಠ ಮಾಡುವ ದಿನ ಇದನ್ನು ಮಾಡಿಸಿ.

ಸಮಬಾಹು ತ್ರಿಭುಜವನ್ನು ಎಲ್ಲರೂ ಮಡಿಸಬೇಕು. ಚೌಕವನ್ನು ಎಡದಿಂದ ಬಲಕ್ಕೆ ಅರ್ಧ ಮಡಿಸಿ ಬಿಡಿಸಿ. ನಡುವೆ ನಿಂತ ಗೆರೆ ಬಂತು. ಇನ್ನು ಕೆಳಗಿನ ಎಡಮೂಲೆಯನ್ನು ಗಟ್ಟಿಯಾಗಿ ಹಿಡಿದು, ಅದರ ಮೂಲಕವೇ ಮಡಿಕೆ ಹೋಗುವಂತೆ, ಬಲಮೂಲೆಯನ್ನು ಆ ನಡುಗೆರೆಯ ಮೇಲೆ ಬೀಳಿಸಿ. ಬಿದ್ದ ಬಿಂದು ಮತ್ತು ಕೆಳಗಿನ ಎರಡು ಮೂಲೆಗಳು ಸೇರಿ ಸಮಬಾಹು ತ್ರಿಭುಜವಾಗುತ್ತವೆ. ಎಡಮೂಲೆಯಿಂದ ಆ ಬಿಂದುವಿಗೆ ಇರುವ ದೂರ ಚೌಕದ ಬದಿಯೇ, ಏಕೆಂದರೆ ಬದಿಯೇ ಎದ್ದು ಹೋಗಿ ಅಲ್ಲಿ ಕುಳಿತಿದೆ. ಬಿಂದು ನಡುಗೆರೆಯ ಮೇಲಿರುವುದರಿಂದ ಎರಡೂ ಮೂಲೆಗಳಿಂದ ಸಮದೂರ. ಈ ಮಡಿಕೆ ಕೆಳ ಅಂಚಿನೊಂದಿಗೆ 30 ಡಿಗ್ರಿ ಮಾಡುತ್ತದೆ. ಮೂಲೆಯ 90 ಡಿಗ್ರಿ ಹೀಗೆ ಮೂರು ಸಮಭಾಗವಾಗಿಹೋಯಿತು, ಕೈವಾರದ ಮಟ್ಟದ ಶಕ್ತಿಯಲ್ಲೇ.

ಕಾಗದದಲ್ಲಿ ಕತ್ತರಿಸಿದ ತ್ರಿಭುಜದ ಪರಿಕೇಂದ್ರ, ಅಂತಃಕೇಂದ್ರ, ಲಂಬಕೇಂದ್ರಗಳನ್ನು ನೀವೇ ಮಾಡಿಸಬಲ್ಲಿರಿ, ಹೇಳಬೇಕಾದದ್ದು ಹೆಚ್ಚಿಲ್ಲ. ವಿಶಾಲಕೋನ ತ್ರಿಭುಜದಲ್ಲಿ ಪರಿಕೇಂದ್ರ ಕಾಗದದ ಹೊರಗೆ ಹೋಗುತ್ತದೆ ಎಂಬುದಷ್ಟೇ ನೆನಪಿರಲಿ.

ನನಗೆ ತುಂಬ ಪ್ರಿಯವಾದದ್ದು ಜಪಾನಿನ ಜೀವವಿಜ್ಞಾನಿ ಕಾಜುವೊ ಹಾಗಾ ಅವರ ಹೆಸರಿನಲ್ಲಿರುವ ಮಡಿಕೆ. ಎ3 ಹಾಳೆಯಿಂದ 24 ಸೆಂಟಿಮೀಟರ್ ಬದಿಯ ಚೌಕ ಕತ್ತರಿಸಿ. ಮೇಲಿನ ಅಂಚಿನ ಮಧ್ಯಬಿಂದುವನ್ನು ಗುರುತಿಸಿ, ಕೆಳಗಿನ ಎಡಮೂಲೆಯನ್ನು ಎತ್ತಿ ಅದರ ಮೇಲೆ ಕೂರಿಸಿ ಒತ್ತಿ. ಮೇಲಿನ ಎಡಮೂಲೆಯಲ್ಲಿ ಒಂದು ಸಣ್ಣ ಲಂಬಕೋನ ತ್ರಿಭುಜ ಕಾಣುತ್ತದೆ. ಅದರ ಒಂದು ಬದಿ 12. ಎಡ ಅಂಚಿನಲ್ಲಿ ಉಳಿದ ಬದಿಯನ್ನು ಅಜ್ಞಾತವೆಂದು ಇಟ್ಟುಕೊಂಡರೆ, ವಿಕರ್ಣ 24ರಲ್ಲಿ ಅದನ್ನು ಕಳೆದಷ್ಟು, ಏಕೆಂದರೆ ಎಡ ಅಂಚೇ ಎರಡು ತುಂಡಾಗಿ ಆ ಎರಡು ಬದಿಗಳಾಗಿದೆ. ಪೈಥಾಗೊರಸ್ ಹಾಕಿದರೆ 9, 12, 15 ಬರುತ್ತದೆ. ಚೌಕದ ಕೆಳ ಅಂಚು ಈಗ ಓರೆಯಾಗಿ ಬಂದು ಬಲ ಅಂಚನ್ನು ದಾಟುತ್ತದೆ. ಅಲ್ಲಿ ಮೇಲಿನ ಬಲಮೂಲೆಯಲ್ಲಿ ಇನ್ನೊಂದು ತ್ರಿಭುಜ. ಮಧ್ಯಬಿಂದುವಿನಲ್ಲಿ ಚೌಕದ ಮೂಲೆಯ ಲಂಬಕೋನವೇ ಕುಳಿತಿರುವುದರಿಂದ ಎರಡು ತ್ರಿಭುಜಗಳು ಸಮರೂಪ. ಎರಡನೆಯದರ ಬದಿಗಳು 12, 16, 20.

ಬಲ ಅಂಚಿನಲ್ಲಿ 16 ಎಂದರೆ 24ರ ಮೂರರಲ್ಲಿ ಎರಡು ಪಾಲು. ಅರ್ಧ ಮಾಡುವುದನ್ನು ಮಾತ್ರ ಬಲ್ಲ ಕೈ, ಒಂದೇ ಮಡಿಕೆಯಿಂದ, ಅಳತೆಪಟ್ಟಿ ಮುಟ್ಟದೆ ಬದಿಯನ್ನು ಮೂರು ಭಾಗ ಮಾಡಿತು! ಸಮರೂಪತೆಯ ಪಾಠ ಬರುವುದು ಹತ್ತನೇ ತರಗತಿಯಲ್ಲಿ ಎಂದು ಕಾಯಬೇಡಿ. ಒಂಬತ್ತರಲ್ಲೇ ಅಳೆದು ನೋಡಲಿ, ಹತ್ತರಲ್ಲಿ ಕಾರಣ ಹುಡುಕಲಿ. ಚೌಕದ ಅಳತೆ ಯಾವುದಾದರೂ ಆಗಬಹುದು. 24 ತೆಗೆದುಕೊಂಡರೆ ಎಲ್ಲ ಬದಿಗಳೂ ಪೂರ್ಣಾಂಕವಾಗುತ್ತವೆ, ಮಕ್ಕಳ ಅನುಮಾನ ಬೇಗ ಕರಗುತ್ತದೆ.

ತ್ರಿಭಾಗಕ್ಕೆ ಹೋಗುವ ಮೊದಲು ಪರವಲಯವನ್ನು ಮಡಿಸಬೇಕು, ಮಡಿಕೆಯ ಶಕ್ತಿಯ ಮೂಲ ಅಲ್ಲಿದೆ. ಹಾಳೆಯ ಕೆಳ ಅಂಚಿನಿಂದ ಮೂರು ನಾಲ್ಕು ಸೆಂಟಿಮೀಟರ್ ಮೇಲೆ, ನಡುವೆ, ಒಂದು ಚುಕ್ಕೆ ಇಡಿ. ಕೆಳ ಅಂಚಿನ ಬೇರೆ ಬೇರೆ ಬಿಂದುಗಳನ್ನು ಒಂದೊಂದಾಗಿ ಎತ್ತಿ ಆ ಚುಕ್ಕೆಯ ಮೇಲೆ ಕೂರಿಸಿ ಮಡಿಸುತ್ತಾ ಹೋಗಿ. ಇಪ್ಪತ್ತು ಇಪ್ಪತ್ತೈದು ಮಡಿಕೆಗಳಾಗುವಷ್ಟರಲ್ಲಿ ಯಾರೂ ಎಳೆಯದ ಒಂದು ವಕ್ರರೇಖೆ ಹಾಳೆಯಲ್ಲಿ ಎದ್ದು ಕಾಣುತ್ತದೆ. ಯಾಕೆ? ಅಂಚಿನ ಒಂದು ಬಿಂದು ಚುಕ್ಕೆಯ ಮೇಲೆ ಕುಳಿತಾಗ, ಮಡಿಕೆಯ ಪ್ರತಿ ಬಿಂದುವೂ ಆ ಎರಡರಿಂದ ಸಮದೂರ. ಅಂಚಿನ ಆ ಬಿಂದುವಿನಿಂದ ನೇರ ಮೇಲಕ್ಕೆ ಲಂಬ ಎತ್ತಿದರೆ ಅದು ಮಡಿಕೆಯನ್ನು ಒಂದು ಕಡೆ ಸೇರುತ್ತದೆ. ಆ ಕಡೆ ಮಾತ್ರ ಚುಕ್ಕೆಗಿರುವ ದೂರವೂ ಅಂಚಿಗಿರುವ ದೂರವೂ ಒಂದೇ. ಪರವಲಯದ ವ್ಯಾಖ್ಯೆಯೇ ಅದು. ಮಡಿಕೆಯ ಉಳಿದ ಎಲ್ಲ ಬಿಂದುಗಳೂ ಚುಕ್ಕೆಗಿಂತ ಅಂಚಿಗೆ ಹತ್ತಿರ, ಆದ್ದರಿಂದ ವಕ್ರರೇಖೆಯ ಹೊರಗೆ. ಹೀಗಾಗಿ ಪ್ರತಿ ಮಡಿಕೆಯೂ ಪರವಲಯದ ಸ್ಪರ್ಶಕ. ಚುಕ್ಕೆ ಅದರ ನಾಭಿ, ಕೆಳ ಅಂಚು ನಿಯತರೇಖೆ.

ಬಿಂದುವನ್ನು ರೇಖೆಯ ಮೇಲೆ ಕೂರಿಸುವ ಮಡಿಕೆ ಪರವಲಯದ ಸ್ಪರ್ಶಕವಾದರೆ, ಎರಡು ಬಿಂದುಗಳನ್ನು ಏಕಕಾಲಕ್ಕೆ ಎರಡು ರೇಖೆಗಳ ಮೇಲೆ ಕೂರಿಸುವ ಮಡಿಕೆ ಏನಾಗಬೇಕು? ಎರಡು ಪರವಲಯಗಳಿಗೆ ಸಾಮಾನ್ಯ ಸ್ಪರ್ಶಕ. ಅದನ್ನು ಬೀಜಗಣಿತದಲ್ಲಿ ಬಿಡಿಸಿದರೆ ಘನಸಮೀಕರಣ ಬರುತ್ತದೆ. ಕೈವಾರದ ಕಂಸಗಳು ಮತ್ತು ಸರಳರೇಖೆಗಳು ಛೇದಿಸಿದಾಗ ವರ್ಗಸಮೀಕರಣಕ್ಕಿಂತ ಮೇಲಿನದು ಹುಟ್ಟುವುದಿಲ್ಲ. ಅವು ವರ್ಗಮೂಲದ ಮೇಲೆ ವರ್ಗಮೂಲ ಕೊಡುತ್ತವೆ, ಘನಮೂಲ ಕೊಡುವುದಿಲ್ಲ. ಕೋನದ ತ್ರಿಭಾಗ ಕೇಳುವುದು ಘನಸಮೀಕರಣದ ಉತ್ತರವನ್ನು. ಮಡಿಕೆಗೆ ಈ ಶಕ್ತಿಯಿದೆ ಎಂದು ಇಟಲಿಯ ಮಾರ್ಗೆರಿಟಾ ಬೆಲೋಕ್ 1936ರಲ್ಲಿ ತೋರಿಸಿದರು. ಈ ಹೆಣ್ಣುಮಗಳ ಹೆಸರನ್ನು ನಿಮ್ಮ ವಿದ್ಯಾರ್ಥಿನಿಗೆ ಹೇಳಿಯೇ ಹೇಳಿ.

ಈಗ ತ್ರಿಭಾಗ. ಇದು ಜಪಾನಿನ ಹಿಸಾಶಿ ಅಬೆ ಅವರ ವಿಧಾನ, 1980ರದು. ಚೌಕದ ಕೆಳಗಿನ ಎಡಮೂಲೆಯನ್ನು ಕ ಎನ್ನೋಣ. ಕ ಮೂಲಕ ಮೇಲಕ್ಕೆ ಓರೆಯಾಗಿ ಒಂದು ಮಡಿಕೆ ಹಾಕಿ, ಓರೆಗೆರೆ ಎಂದು ಕರೆಯಿರಿ. ಕೆಳ ಅಂಚಿಗೂ ಓರೆಗೆರೆಗೂ ನಡುವಿನ ಕೋನವನ್ನು ಮೂರು ಮಾಡಬೇಕು; ಮೊದಲ ಸಲ ಅದು 60 ಡಿಗ್ರಿಯ ಆಸುಪಾಸಿನಲ್ಲಿರಲಿ. ಕೆಳ ಅಂಚಿಗೆ ಸಮಾಂತರವಾಗಿ, ಚೌಕದ ಎತ್ತರದ ಮೂರನೆಯ ಒಂದು ಪಾಲಿನಷ್ಟು ಮೇಲೆ, ಒಂದು ಅಡ್ಡ ಮಡಿಕೆ ಹಾಕಿ. ಕೆಳ ಅಂಚನ್ನು ಅದರ ಮೇಲೆ ಕೂರಿಸಿ ಇನ್ನೊಂದು ಅಡ್ಡ ಮಡಿಕೆ ಹಾಕಿದರೆ ಅದು ಸರಿಯಾಗಿ ನಡುವೆ ಬರುತ್ತದೆ. ಎಡ ಅಂಚಿನಲ್ಲಿ ನಡುಮಡಿಕೆ ಸೇರುವ ಬಿಂದು ಚ, ಮೇಲ್ಮಡಿಕೆ ಸೇರುವ ಬಿಂದು ಟ. ಹೀಗೆ ಕಚ ಮತ್ತು ಚಟ ಸಮ.

ಮುಖ್ಯ ಮಡಿಕೆ ಇದು: ಎಡ ಅಂಚನ್ನು ಎತ್ತಿ ತಂದು, ಕ ನಡುಮಡಿಕೆಯ ಮೇಲೂ ಟ ಓರೆಗೆರೆಯ ಮೇಲೂ ಏಕಕಾಲಕ್ಕೆ ಬೀಳುವಂತೆ ಹೊಂದಿಸಿ ಒತ್ತಿ. ಕ, ಚ, ಟ ಬಿದ್ದ ಜಾಗಗಳನ್ನು ಗುಂಡುಸೂಜಿಯಿಂದ ಚುಚ್ಚಿ ಬಿಡಿಸಿ. ಅವುಗಳಿಗೆ ಕ್ರಮವಾಗಿ ತ, ಪ, ಮ ಎಂದು ಹೆಸರಿಡಿ. ಕ ಬಿಂದುವಿನಿಂದ ತ ಮತ್ತು ಪ ಬಿಂದುಗಳಿಗೆ ಗೆರೆ ಎಳೆಯಿರಿ. ಕೋನ ಮೂರು ಸಮಭಾಗವಾಯಿತು.

ಸಾಧನೆ ನೋಡಿ. ಮಡಿಕೆಯಲ್ಲಿ ಕ ಮತ್ತು ತ ಪರಸ್ಪರ ಪ್ರತಿಬಿಂಬ. ಚ ಮತ್ತು ಪ ಹಾಗೆಯೇ. ಟ ಮತ್ತು ಮ ಹಾಗೆಯೇ. ತ ನಡುಮಡಿಕೆಯ ಮೇಲಿದೆ, ಆದ್ದರಿಂದ ತಚ ರೇಖೆ ಎಡ ಅಂಚಿಗೆ ಲಂಬ. ಇಡೀ ಚಿತ್ರವನ್ನು ಪ್ರತಿಫಲಿಸಿದರೆ ಕಪ ರೇಖೆ ತಮ ರೇಖೆಗೆ ಲಂಬ. ಕಚ, ಚಟ ಸಮವಿದ್ದುದರಿಂದ ತಪ, ಪಮ ಕೂಡ ಸಮ. ಹೀಗಾಗಿ ಕಪತ ಮತ್ತು ಕಪಮ ತ್ರಿಭುಜಗಳು ಸರ್ವಸಮ. ಮೇಲಿನ ಎರಡು ಕೋನಗಳು ಸಮವಾದವು. ಇನ್ನು ತ ಬಿಂದುವಿನಿಂದ ಕೆಳ ಅಂಚಿಗೆ ಲಂಬ ಇಳಿಸಿ, ಅದು ಮುಟ್ಟುವ ಬಿಂದು ನ. ತನ ಉದ್ದ ನಡುಮಡಿಕೆಯ ಎತ್ತರ, ಅಂದರೆ ಕಚ, ಅಂದರೆ ತಪ. ಕನತ ಮತ್ತು ಕಪತ ಎರಡೂ ಲಂಬಕೋನ ತ್ರಿಭುಜಗಳು. ವಿಕರ್ಣ ಕತ ಎರಡಕ್ಕೂ ಒಂದೇ. ಒಂದೊಂದು ಬದಿ ಸಮ. ಅವೂ ಸರ್ವಸಮ. ಮೂರು ಕೋನಗಳೂ ಸಮವಾದವು. ಒಂಬತ್ತನೇ ತರಗತಿಯ ಸರ್ವಸಮತೆಯ ಪಾಠದಾಚೆಗೆ ಇಲ್ಲಿ ಏನೂ ಬೇಕಾಗಲಿಲ್ಲ. ವಿಶಾಲಕೋನವಿದ್ದರೆ ಅದರಿಂದ 90 ಡಿಗ್ರಿ ತೆಗೆದು ಉಳಿದದ್ದನ್ನು ಮೂರು ಮಾಡಿ, ಬಂದ ಭಾಗಕ್ಕೆ 30 ಡಿಗ್ರಿ ಕೂಡಿಸಿದರೆ ಸಾಕು.

ಜಾಣ ಮಗುವೊಂದು ಇಲ್ಲಿ ತಕರಾರು ಎತ್ತಬಹುದು: ‘ಕಾಗದವನ್ನು ಸರಿಸಿ ಸರಿಸಿ ಹೊಂದಿಸಿದೆವಲ್ಲ, ಇದು ಅಂದಾಜೇ ಆಯಿತಲ್ಲವೇ?’ ಈ ತಕರಾರನ್ನು ಗೌರವದಿಂದ ಸ್ವೀಕರಿಸಿ. ಅಳತೆಪಟ್ಟಿಯನ್ನು ಎರಡು ಬಿಂದುಗಳಿಗೆ ತಾಗಿಸುವಾಗಲೂ ನಾವು ಸರಿಸಿಯೇ ಹೊಂದಿಸುತ್ತೇವೆ. ಯಾವ ಹೊಂದಿಕೆಗೆ ಒಪ್ಪಿಗೆ ಇದೆ ಎಂಬುದನ್ನು ಮೊದಲೇ ನಿಯಮವಾಗಿ ಹೇಳಿಕೊಂಡಿರುತ್ತೇವೆ, ಅಷ್ಟೇ. ಎರಡು ಬಿಂದುಗಳನ್ನು ಎರಡು ರೇಖೆಗಳ ಮೇಲೆ ಕೂರಿಸುವುದು ಮಡಿಕೆಯ ನಿಯಮಗಳಲ್ಲಿ ಒಂದು. ಕೈಯ ದೋಷ ಬೇರೆ ವಿಷಯ: 20 ಸೆಂಟಿಮೀಟರ್ ಉದ್ದದ ಗೆರೆಯ ತುದಿ 1 ಮಿಲಿಮೀಟರ್ ಜಾರಿದರೂ ಕೋನ ಸುಮಾರು 0.3 ಡಿಗ್ರಿ ತಪ್ಪುತ್ತದೆ. ಕೋನಮಾಪಕದಲ್ಲಿ 20ರ ಬದಲು 20.5 ಬಂದರೆ ವಿಧಾನವನ್ನು ದೂರಬೇಡಿ.

ಹಾಗಾ ಮಡಿಕೆಯನ್ನು ಕಲಿತ ಮಕ್ಕಳು ಘನಮೂಲವನ್ನೂ ಮಡಿಸಬಹುದು. ಪೀಟರ್ ಮೆಸ್ಸರ್ 1986ರಲ್ಲಿ ಕೊಟ್ಟ ದಾರಿ. ಚೌಕವನ್ನು ಅಡ್ಡ ಮಡಿಕೆಗಳಿಂದ ಮೂರು ಸಮಪಟ್ಟಿ ಮಾಡಿ. ಕೆಳಗಿನ ಬಲಮೂಲೆ ಎಡ ಅಂಚಿನ ಮೇಲೂ, ಬಲ ಅಂಚಿನಲ್ಲಿ ಕೆಳ ಪಟ್ಟಿ ಮುಗಿಯುವ ಬಿಂದು ಮೇಲಿನ ಅಡ್ಡ ಮಡಿಕೆಯ ಮೇಲೂ ಬೀಳುವಂತೆ ಮಡಿಸಿ. ಮೂಲೆ ಬಿದ್ದ ಬಿಂದು ಎಡ ಅಂಚನ್ನು ಎರಡು ಭಾಗ ಮಾಡುತ್ತದೆ. ಮೇಲಿನ ಭಾಗ ಕೆಳಗಿನದರ ಎರಡರ ಘನಮೂಲದಷ್ಟು ಪಟ್ಟು, ಸುಮಾರು 1.26. ಬದಿ 24 ಆದರೆ ಕೆಳಭಾಗ 10.6, ಮೇಲ್ಭಾಗ 13.4 ಸೆಂಟಿಮೀಟರ್ ಬರಬೇಕು. ಒಂದು ಘನದ ಎರಡರಷ್ಟು ಗಾತ್ರದ ಘನ ಕಟ್ಟಿ ಎಂಬ ಗ್ರೀಕರ ಹಳೆಯ ಸಮಸ್ಯೆಗೆ, ಕೈವಾರ ಕೈಚೆಲ್ಲಿದ ಸಮಸ್ಯೆಗೆ, ಉತ್ತರ ಅದು.

ಪರೀಕ್ಷೆಯ ವಿಷಯವನ್ನು ಮರೆಯುವಂತಿಲ್ಲ. ಕೈವಾರದಿಂದ ರಚಿಸಿ ಎಂದು ಪ್ರಶ್ನೆ ಬಂದರೆ ಕೈವಾರವೇ ಬೇಕು. ಹಾಗಾಗಿ ಮೊದಲು ಮಡಿಸಿ, ಬಂದ ಗೆರೆ ಏನೆಂದು ಹೇಳಿಸಿ, ಆಮೇಲೆ ಅದೇ ಹಾಳೆಯಲ್ಲಿ ಕೈವಾರದ ಕಂಸಗಳನ್ನು ಎಳೆಸಿ. ಕಂಸಗಳು ಛೇದಿಸುವ ಬಿಂದು ಮಡಿಕೆಯ ಮೇಲೇ ಬಂದು ಕೂತಾಗ ಎರಡು ರಚನೆಗಳೂ ಒಂದೇ ವಿಷಯ ಹೇಳುತ್ತಿವೆ ಎಂದು ಮಕ್ಕಳಿಗೆ ತಿಳಿಯುತ್ತದೆ. ಶಾಲೆಯಲ್ಲಿ ಒಳ್ಳೆಯ ಕೈವಾರ ನಾಲ್ಕೇ ಇದ್ದರೂ ಗುಂಪುಗಳಲ್ಲಿ ಹೀಗೆ ನಡೆಸಬಹುದು.

ಆ ವಿದ್ಯಾರ್ಥಿನಿಯ ಮುಂದಿನ ಪ್ರಶ್ನೆಯನ್ನು ಊಹಿಸಬಲ್ಲೆ: ಕೋನವನ್ನು ಐದು ಮಾಡಬಹುದೇ? ಒಂದು ಸಲಕ್ಕೆ ಒಂದೇ ಮಡಿಕೆ ಎಂಬ ನಿಯಮದೊಳಗೆ ಎಲ್ಲ ಕೋನಗಳಿಗೂ ಆಗುವುದಿಲ್ಲ. ಎರಡು ಮಡಿಕೆಗಳನ್ನು ಒಟ್ಟಿಗೆ ಹೊಂದಿಸಿ ಒತ್ತಲು ಒಪ್ಪಿದರೆ ಆಗುತ್ತದೆ ಎಂದು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಲ್ಯಾಂಗ್ ಮಾಡಿ ತೋರಿಸಿದ್ದಾರೆ. ಸಮ ಸಪ್ತಭುಜ ಕೈವಾರಕ್ಕೆ ಸಿಗುವುದಿಲ್ಲ, ಮಡಿಕೆಗೆ ಸಿಗುತ್ತದೆ. ಹನ್ನೊಂದು ಬದಿಯ ಸಮ ಬಹುಭುಜ ಒಂದೊಂದೇ ಮಡಿಕೆಗೆ ಸಿಗುವುದಿಲ್ಲ. ವೃತ್ತದಷ್ಟೇ ವಿಸ್ತೀರ್ಣದ ಚೌಕವಂತೂ ನೇರ ಮಡಿಕೆಗಳಿಗೂ ಇಲ್ಲ, ಕೈವಾರಕ್ಕೂ ಇಲ್ಲ. ಪೈ ಪೂರ್ಣಾಂಕ ಗುಣಾಂಕಗಳ ಯಾವ ಬೀಜಗಣಿತ ಸಮೀಕರಣಕ್ಕೂ ಉತ್ತರವಾಗದ ಸಂಖ್ಯೆ ಎಂದು 1882ರಲ್ಲಿ ಲಿಂಡೆಮನ್ ಸಾಧಿಸಿದ್ದಾರೆ. ಇಷ್ಟನ್ನು ಅವಳಿಗೆ ತಿಳಿಸಿ, ಸಪ್ತಭುಜವನ್ನು ಬೇಸಿಗೆ ರಜೆಯ ಕೆಲಸವಾಗಿ ಕೊಡಿ.